ಫಕೀರೇಶನ ಸೀಟಿ

ಊರಿನ ಬೆಂಕಿ ಆರಿಸುವ ಪಡೆಗೆ ತನ್ನನ್ನು ಬಿಟ್ಟು ಫಕೀರೇಶನನ್ನು ಮುಖಂಡನನ್ನಾಗಿ ಆರಿಸಿದಂದಿನಿಂದ ಗದಿಗೆಪ್ಪನ ಹೊಟ್ಟೆ ಉರಿಯುತ್ತಿತ್ತು.

"ಅಭ್ಯಾಸಕ್ಕ ಬಾ ಅಣ್ಣಾ. ಸೀಟಿ ಹೆಂಗ ಊದಿದ್ರ ಏನರ್ಥ ಅಂತ ಹೇಳ್ತೀನಿ," ಎಂದು ಫಕೀರೇಶ ಕರೆಯುತ್ತಿದ್ದ.

"ನೀರು ಎರಚೂದು ನಿನ್ನ ಕಡಿಂದ ಕಲೀಬೇಕೇನಲೇ?"

ಕಡೆಗೊಂದು ದಿನ ಗದಿಗೆಪ್ಪ ಆ ಸೀಟಿಯನ್ನೇ ಕದ್ದು ಜೇಬಿಗಿಳಿಸಿದ.

ಮರುದಿನ ದಿನ್ನೆಯಾಚೆ ಅವನದೇ ಬಣವೆಗೆ ಬೆಂಕಿ ಬಿತ್ತು. ವರ್ಷದ ಮೇವು! ಮಾನ ಹೋದರೆ ಹೋಗಲೆಂದು ಊರ ಕಡೆ ಓಡುತ್ತ, ಉಸಿರು ಕಟ್ಟುವವರೆಗೂ ಉದ್ದಕ್ಕೆ ಸೀಟಿ ಊದಿದ. ಒಬ್ಬರೂ ಓಡಿ ಬರಲಿಲ್ಲ.

ಊರು ಮುಟ್ಟಿ ನೋಡಿದರೆ, ಪಡೆಯವರೆಲ್ಲ ಖಾಲಿ ಬಕೆಟ್ ಹಿಡಿದು ನೀರಿನ ಟ್ಯಾಂಕಿನ ಮುಂದೆ ಸಾಲಾಗಿ ನಿಂತಿದ್ದರು.

"ಮೂರು ಸಲ ಊದಿದ್ರ ಬೆಂಕಿ, ಉದ್ದಕ್ಕ ಊದಿದ್ರ ಅಭ್ಯಾಸ," ಎಂದು ಫಕೀರೇಶ ನಕ್ಕ. "ಕಡೀಗೂ ಕಲ್ತು ಬಂದ್ಯಲ್ಲಣ್ಣಾ! ನಿಂದ್ರು ಸಾಲಿಗೆ."