ಬೆಟ್ಟ ಹತ್ತುವ ಕಾಡು

ಬಿಸಿಲು ಏರಿತೆಂದರೆ ಮರಗಳು ಬೇರು ಕಿತ್ತುಕೊಂಡು ತಂಪು ಹುಡುಕುತ್ತ ಬೆಟ್ಟ ಹತ್ತುತ್ತಿದ್ದವು. ಅವನ್ನು ಸರಪಳಿಯಲ್ಲಿ ಬಿಗಿದು ಇದ್ದಲ್ಲೇ ನಿಲ್ಲಿಸುವುದು ಅರಣ್ಯಾಧಿಕಾರಿ ನೀಲಾಂಬಿಕೆಯ ಕೆಲಸ. ಆ ಮಧ್ಯಾಹ್ನ ಹೊನ್ನೆಮರವೊಂದು ಸರಪಳಿ ಹರಿದುಕೊಂಡು, ಗಾರ್ಡ್ ಜಡೆಯನ ಎದೆ ತುಳಿದು ಮೇಲೇರಿತು.

ನೀಲಾಂಬಿಕೆ ಕೊಡಲಿ ಹಿಡಿದು ಅದರ ಬೆನ್ನಟ್ಟಿದಳು.

"ಅದ್ನ ಬುಡಿ ಅವ್ವಾ!" ಜಡೆಯ ರಕ್ತ ಕಕ್ಕುತ್ತ ಕೂಗಿದ. "ಮಿಕ್ಕವ್ನ ಬಿಚ್ಚಿ, ಇಲ್ದಿದ್ರೆ ಎಲ್ರುನೂ ತುಳ್ದಾಕ್ತವೆ!"

ಅವಳು ತಿರುಗಿ ಬರುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

"ಉಳಿದವನ್ನ ಇನ್ನೂ ಬಿಗಿಯಾಗಿ ಕಟ್ಟಿಸಿ!" ಎಂದು ವೈರ್‌ಲೆಸ್ಸಿನಲ್ಲಿ ಮೇಲಧಿಕಾರಿ ಅರಚಿದರು. ಅವಳು ಅದನ್ನು ಬಂಡೆಗೆ ಅಪ್ಪಳಿಸಿದಳು. ಅಂಗೈ ಹರಿದು ನೆತ್ತರು ಸುರಿದರೂ ಬಿಡದೆ, ಸರಪಳಿಗಳ ಬೀಗಗಳನ್ನೆಲ್ಲ ಕೊಡಲಿಯಿಂದ ಜಜ್ಜಿ ಒಡೆದಳು. ಆಮೇಲೆ ಜಡೆಯನ ಹೆಣವನ್ನು ತಬ್ಬಿ ಕುಳಿತಳು.

ನೆಲ ನಡುಗಿಸುತ್ತ ಕಾಡಿಗೆ ಕಾಡೇ ಮೇಲಕ್ಕೆ ನಡೆಯಿತು. ಒಂದು ಬೇರೂ ಅವರನ್ನು ತಾಕಲಿಲ್ಲ.