ರೇಡಿಯೇಟರಿಗೆ ಕಡಲ ನೀರು

ಅಥವಾ ಅಪ್ಪನ ಆ ಕಾರು ಬಿಳಿ ಬಣ್ಣದ್ದೇ ಅಲ್ಲವೇನೋ, ರೇಡಿಯೇಟರಿನಿಂದ ಉದುರಿದ ಉಪ್ಪಿನ ಬಿಳಿಯನ್ನು ನೆನಪಿನಲ್ಲಿ ನಾನೇ ಇಡೀ ಕಾರಿಗೆ ಬಳಿದಿರಬಹುದು. ಬಿಜೈ ಸಿಗ್ನಲ್ಲಿನಲ್ಲಿ ಯಾರದಾದರೂ ಕಾರು ಕುದಿದು ಹಬೆ ಬಿಟ್ಟರೆ ಆ ಮಧ್ಯಾಹ್ನ ಈಗಲೂ ಮೂಗಿಗೆ ಬಡಿಯುತ್ತದೆ.

ಇನ್ನು ಮೀನು ಹಿಡಿಯಲು ಕಡಲಿಗೆ ಇಳಿಯುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು, ಬೋಟನ್ನು ದಡದಲ್ಲಿ ಕಟ್ಟಿ, ಬಾಡಿಗೆಗೆ ಓಡಿಸಲು ಅಪ್ಪ ಆ ಹಳೆಯ ಕಾರು ಕೊಂಡಿದ್ದರು. ಕೆಲವೇ ತಿಂಗಳಲ್ಲಿ ಅದು ಜೆಪ್ಪುವಿನ ಗ್ಯಾರೇಜಿನಲ್ಲಿ ಬಾನೆಟ್ ತೆರೆದು ನಿಂತಿತ್ತು. ಕಾದ ರೆಕ್ಸಿನ್ ಸೀಟು ನನ್ನ ತೊಡೆಗೆ ಅಂಟುತ್ತಿತ್ತು. ಮೆಕ್ಯಾನಿಕ್ ಹಮೀದಾಕ ರೇಡಿಯೇಟರನ್ನು ಕೆರೆದು, ಉದುರಿದ ಪುಡಿಯನ್ನು ನಾಲಗೆಗೆ ತಾಗಿಸಿದರು.

"ಉಪ್ಪು! ಇದಕ್ಕೆ ಎಂತ ಕುಡಿಸಿದ್ದು ಮಾರಾಯ?"

"ಕಡಲಿನ ನೀರು. ಬೋಟಿನ ಇಂಜಿನ್ ಅದರಲ್ಲೇ ತಣ್ಣಗಾಗುದಲ್ವಾ?" ಎಂದರು ಅಪ್ಪ.

"ಇದೆಂತ ಬೋಟಾ? ಬಲೆ ಸಹ ಹಾಕ್ತಿದ್ದಿಯಾ ಇದರಲ್ಲಿ? ರೇಡಿಯೇಟರ್ ಹೋಯ್ತು, ಹೆಡ್ ಗ್ಯಾಸ್ಕೆಟ್ ಸಹ ಹೋಯ್ತು. ಸರಿ ಮಾಡ್ಲಿಕ್ಕೆ ಕಾರಿನ ಕ್ರಯಕ್ಕಿಂತ ಜಾಸ್ತಿ ಆಗ್ತದೆ. ಇಷ್ಟು ವರ್ಷ ಇಂಜಿನ್ ನೋಡಿದವ ನೀನು, ಇಷ್ಟೂ ಗೊತ್ತಿಲ್ವಾ?"

ಗ್ಯಾರೇಜಿನ ಬಾಗಿಲ ಬಳಿ ನಿಂತಿದ್ದ ಅಮ್ಮ ಅಪ್ಪನನ್ನೇ ನೋಡುತ್ತಿದ್ದರು.

"ಹಾಗಾದ್ರೆ ಇನ್ನು ಎಂತ ಮಾಡುದು?" ಎಂದರು ಅಮ್ಮ.

"ಎಂತ ಮಾಡುದು? ಬೋಟು ಉಂಟಲ್ಲ."

ಹೇಳುವಾಗ ಅಪ್ಪನ ಹಲ್ಲುಗಳು ಕಂಡವು. ಅವರು ನಕ್ಕಿದ್ದರೋ, ಬಿಸಿಲಿಗೆ ಮುಖ ಕಿವುಚಿದ್ದರೋ, ನನಗೆ ಗೊತ್ತಿಲ್ಲ.