ಓರಿನ್, ನಾಲ್ಕು ವರ್ಷ

"ಓರಿನ್ ಬದುಕಿದಾನೆ ಅಂತ ಒಂದು ಮಾತು ಹೇಳಿಬಿಡು ಥರ್ಜಾ, ಸಾಕು," ಎಂದ ಹಿರಮ್, ಬಾಗಿಲಲ್ಲೇ ನಿಂತು.

ಜೋಳದ ಹಿಟ್ಟು ಕಲಸುತ್ತಿದ್ದ ಥರ್ಜಾಳ ಕೈ ನಿಂತಿತು. ಅವಳ ಮಗ ಓರಿನ್ ಹಿಂದಿನ ಚಳಿಗಾಲದಲ್ಲೇ ಗಂಟಲಮಾರಿಯಿಂದ ತೀರಿಕೊಂಡಿದ್ದ. ತನ್ನ ಗಾಡಿಯ ಹಲಗೆ ಕಿತ್ತು ಹುಡುಗನಿಗೆ ಶವಪೆಟ್ಟಿಗೆ ಮಾಡಿಕೊಟ್ಟವನು ಇದೇ ಹಿರಮ್.

ಕ್ಯಾನ್ಸಾಸ್‌ನ ಆ ಬಯಲು ಕೌಂಟಿ, ಅಂದರೆ ತನ್ನದೇ ಆಡಳಿತವಿರುವ ಜಿಲ್ಲೆ, ಎನಿಸಿಕೊಳ್ಳಬೇಕಾದರೆ ಆರುನೂರು ಜನ ವಾಸವಿರಬೇಕಿತ್ತು. ಹೆಸರು ಬರೆಯುವ ಕೆಲಸ ಹಿರಮ್‌ನದು. ಕೌಂಟಿಯಾದರೆ ಕಳ್ಳಕಾಕರನ್ನು ಹಿಡಿಯುವ ಶೆರೀಫ್ ಪಟ್ಟವೂ ಅವನಿಗೇ ಎಂದು ಮಾತಾಗಿತ್ತು. ಎಷ್ಟು ಅಲೆದರೂ ಹನ್ನೊಂದು ತಲೆ ಕಡಿಮೆ ಬಿದ್ದವು. ಮಹಾಶಯ ಸ್ಮಶಾನದಿಂದ ಹನ್ನೊಂದು ಹೆಸರು ತಂದು ತುಂಬಿಸಿದ್ದ. ಈಗ ರಾಜ್ಯದ ಅಧಿಕಾರಿ ಪಟ್ಟಿ ಹಿಡಿದು ಮನೆಮನೆ ತಪಾಸಣೆಗೆ ಬಂದಿದ್ದ, ಪಕ್ಕದ ಮನೆಯವರೆಗೂ ಬಂದಾಗಿತ್ತು.

"ಸತ್ತ ಮಗೂನ ಹೆಸರು ಬರೆಯೋವಾಗ ತಪ್ಪು ಅನ್ನಿಸಲಿಲ್ವೇನೋ?"

"ಅನ್ನಿಸ್ತು. ಆದ್ರೆ ನೀನೇ ಹೇಳು, ಮೊನ್ನೆ ನಿನ್ನ ಹೇಸರಗತ್ತೆ ಕದ್ದೊಯ್ದ್ರಲ್ಲ, ಯಾರ ಹತ್ರ ದೂರು ಕೊಟ್ಟೆ? ಜಡ್ಜ್ ಇಲ್ಲ, ಜೈಲಿಲ್ಲ. ನಾಳೆ ಹೊಲಕ್ಕೇ ಬಂದು ಕೂತ್ಕೊಂಡ್ರೆ ಏನ್ಮಾಡ್ತೀಯ? ಹುಡುಗ ಅಜ್ಜಿ ಮನೆಗೆ ಹೋಗಿದಾನೆ ಅಂದ್ಬಿಡು. ಸುಳ್ಳು ಅಂತ ಗೊತ್ತಾದ್ರೆ ಕೌಂಟಿ ಬೇಕು ಅಂತ ನಾವೆಲ್ಲಾ ಕೊಟ್ಟ ಅರ್ಜೀನೇ ವಾಪಸ್ ಬರುತ್ತೆ."

"ಕಳ್ಳರನ್ನ ಹಿಡಿಯೋಕೆ ನಾನು ಸುಳ್ಳು ಹೇಳ್ಬೇಕು. ಚೆನ್ನಾಗಿದೆ ಕಣೋ ನಿನ್ನ ಕಾನೂನು!"

ನಾಚಿಕೆಯಿಂದ ಹಿರಮ್‌ನ ಮುಖ ಕೆಂಪೇರಿತು. ಆ ಹೆಸರು ಹೊಡೆದುಹಾಕಿಸಿಬಿಡೋಣ ಎನಿಸಿತು. ಆದರೆ ಶೆರೀಫ್ ಪಟ್ಟದ ಆಸೆ ಬಾಯಿ ಕಟ್ಟಿತ್ತು. ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟ.

"ಓರಿನ್, ನಾಲ್ಕು ವರ್ಷ. ಎಲ್ಲಿ ತಾಯಿ, ಮಗು?"

ಥರ್ಜಾ ಹಿರಮ್‌ನನ್ನೇ ನೋಡಿದಳು. ಅವನು ನೆಲ ನೋಡಿದ.

"ಅಜ್ಜಿ ಮನೇಲಿದಾನೆ," ಎಂದಳು ಕೊನೆಗೆ. "ನಾಲ್ಕಲ್ಲ, ಐದು ಅಂತ ಬರ್ಕೊಳ್ಳಿ. ಮೊನ್ನೆ ಭಾನುವಾರ ತುಂಬ್ತು."

ಅಧಿಕಾರಿ ತಿದ್ದಿಕೊಂಡ. ಪಾಪ, ಒಳ್ಳೆಯ ಮನುಷ್ಯ. "ಕೌಂಟಿ ಆದ ಕೂಡ್ಲೇ ಶಾಲೆ ಬರುತ್ತೆ ತಾಯಿ. ದೂರ ಅಂತ ಸುಮ್ಮನಿರಬೇಡಿ, ಮಗನ್ನ ಕಳಿಸಿ," ಎಂದ.

"ಕಳಿಸ್ತೀನಿ ಸ್ವಾಮಿ." ಹಿಟ್ಟು ಮೆತ್ತಿದ ಕೈಯನ್ನು ಅವಳು ಹಿರಮ್ ಕಡೆ ತೋರಿಸಿದಳು. "ಕರ್ಕೊಂಡು ಹೋಗೋಕೆ ನಮ್ಮ ಶೆರೀಫ್ ಸಾಹೇಬರು ಇದಾರಲ್ಲ."

ಹಿರಮ್‌ನನ್ನು ಹಾಗೆ ಮೊಟ್ಟಮೊದಲು ಕರೆದವಳು ಅವಳೇ.